ಹಳೆಯ ಜಡ್ಡೂ ಹೊಸ ಜ್ವರವೂ

ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೆ? ಈ ಗಾದೆಯು ಸಾಂಕ್ರಾಮಿಕ ಜ್ವರಗಳಿಗೆ ಒಪ್ಪುವಷ್ಟು ಬೇರಾವುದಕ್ಕೂ ಒಪ್ಪಲಾರದು. ದೂರದ ಸೀಮೆಯಲ್ಲಿ ಹುಟ್ಟಿದ ರೋಗವು ಪಟ್ಟಣಕ್ಕೆ ಬಂದು, ಪಟ್ಟಣದಿಂದ ಸಂತೆಯ ಬಸ್ಸನ್ನು ಹಿಡಿದು, ಹಳ್ಳಿಯ ಕಟ್ಟೆಯನ್ನೇರಿ ಕುಳಿತುಕೊಳ್ಳುವುದು ಈಗ ಹೊಸ ಸಂಗತಿಯಲ್ಲ. ರಾಯಚೂರು ಜಿಲ್ಲೆಯ ಜನರು ಇದನ್ನು ಕಣ್ಣಾರೆ ಕಂಡವರು. ೨೦೦೬ನೆಯ ಇಸವಿಯಲ್ಲಿ ಚಿಕುನ್‌ಗುನ್ಯಾ ಜ್ವರವು ಕರ್ನಾಟಕದಲ್ಲಿ ಹಬ್ಬಿ, ಏಳೂವರೆ ಲಕ್ಷಕ್ಕೆ ಮೇಲ್ಪಟ್ಟ ಜನರಿಗೆ ತಗುಲಿರಬಹುದೆಂದು ಸರಕಾರದ ಲೆಕ್ಕದಲ್ಲಿ ದಾಖಲಾದಾಗ, ನರಳಿದ ಜಿಲ್ಲೆಗಳ ಸಾಲಿನಲ್ಲಿ ರಾಯಚೂರೂ ಇದ್ದಿತು. ೨೦೨೦ರಲ್ಲಿ ಕೋವಿಡ್ ಬಂದಿತು. ೨೦೨೨ರ ಡಿಸೆಂಬರಿನಲ್ಲಿ ರಾಜ್ಯದ ಮೊತ್ತಮೊದಲಿನ ಝೀಕಾ ಪ್ರಕರಣವೆಂದು ಸರಕಾರವು ಪ್ರಕಟಿಸಿದ್ದು ಬೆಂಗಳೂರಿನದನ್ನಲ್ಲ, ಮಂಗಳೂರಿನದನ್ನೂ ಅಲ್ಲ; ಮಾನ್ವಿ ತಾಲೂಕಿನದನ್ನು. ಐದು ವರ್ಷದ ಬಾಲಿಕೆಯೊಬ್ಬಳ ರಕ್ತದ ಮಾದರಿಯು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋಗಿ ಬಂದ ಮೇಲೆ ಆ ಸಂಗತಿ ತಿಳಿದುಬಂದಿತು. ಹೀಗಿರುವಾಗ ಅದೇ ಸೀಮೆಯ ಮಲ್ಲಟದಂಥ ಗ್ರಾಮಕ್ಕೆ ಮುಂದಿನ ವೈರಾಣುವು ಬಾರದೆಂದು ಜಾಮೀನು ನಿಲ್ಲುವವರು ಯಾರು?

ಬರುವುದು ನಿಶ್ಚಯವೆಂದ ಮೇಲೆ ವಿಚಾರಿಸಬೇಕಾದ ಪ್ರಶ್ನೆಯು ಬೇರೆ. ಒಂದೇ ಮನೆಯಲ್ಲಿ ಒಂದೇ ಜ್ವರವು ನಾಲ್ವರಿಗೆ ತಗುಲಿದಾಗ ಮೂವರು ವಾರದೊಳಗೆ ಎದ್ದು ಹೊಲಕ್ಕೆ ಹೋಗುವರು. ನಾಲ್ಕನೆಯವರನ್ನು ರಾಯಚೂರಿನ ದವಾಖಾನೆಗೆ ಒಯ್ಯಬೇಕಾಗುವುದು. ಆ ನಾಲ್ಕನೆಯವರು ಯಾರು? ಬಹುಮಟ್ಟಿಗೆ ಅವರು ಮನೆಯ ಹಿರಿಯರು. ಅನೇಕ ವೇಳೆ ಅವರಿಗೆ ಮೊದಲಿನಿಂದಲೂ ಒಂದು ಹಳೆಯ ಜಡ್ಡು ಇದ್ದೇ ಇರುವುದು. ಜನರು ಶುಗರ್ ಎಂದು ಕರೆಯುವ ಮಧುಮೇಹ, ಬಿ.ಪಿ. ಎಂದು ಕರೆಯುವ ರಕ್ತದೊತ್ತಡ, ದಮ್ಮು, ಹೃದಯದ ಬೇನೆ, ಮೂತ್ರಪಿಂಡದ ದೌರ್ಬಲ್ಯ, ಇವುಗಳಲ್ಲೊಂದು. ಹಳೆಯ ಜಡ್ಡಿಗೂ ಹೊಸ ಜ್ವರಕ್ಕೂ ಇರುವ ಈ ಸಂಬಂಧವು ಎಂಥದು, ಅದರಲ್ಲಿ ದೈವದ ಪಾಲೆಷ್ಟು, ನಮ್ಮ ಪಾಲೆಷ್ಟು, ಎಂಬುದನ್ನು ಇಲ್ಲಿ ವಿವೇಚಿಸುವುದು ನಮ್ಮ ಉದ್ದೇಶ.

'ಸಹವ್ಯಾಧಿ' ಎಂಬ ಮಾತು

ಭಾರತದಲ್ಲಿ ಕೋವಿಡಿನಿಂದಾದ ಮೊದಲನೆಯ ಮರಣವು ಕಲಬುರಗಿಯದು. ೨೦೨೦ರ ಮಾರ್ಚ್ ೧೦ರಂದು ತೀರಿಕೊಂಡ ೭೬ ವರ್ಷದ ಆ ಹಿರಿಯರು ಸೌದಿ ಅರೇಬಿಯದಿಂದ ಮರಳಿ ಹತ್ತು ದಿನಗಳಾಗಿದ್ದವು. ಅವರಿಗೆ ಮೊದಲಿನಿಂದಲೂ ರಕ್ತದೊತ್ತಡವೂ ದಮ್ಮೂ ಇದ್ದವೆಂದು ಕೇಂದ್ರದ ಆರೋಗ್ಯ ಸಚಿವಾಲಯವು ಪ್ರಕಟಿಸಿತು. ಅಂದಿನಿಂದ ಮುಂದೆ ಎರಡು ವರ್ಷಗಳ ಕಾಲ ನಾವು ದಿನಂಪ್ರತಿ ಓದಿದ ಸರಕಾರಿ ಪ್ರಕಟನೆಗಳಲ್ಲಿ ಮರಣದ ಲೆಕ್ಕದ ಪಕ್ಕದಲ್ಲಿ ಒಂದು ಮಾತು ನಿಯತವಾಗಿ ಕಾಣಿಸಿಕೊಳ್ಳುತ್ತಿತ್ತು: 'ಸಹವ್ಯಾಧಿ'. ತೀರಿಕೊಂಡವರಿಗೆ ಮಧುಮೇಹವಿದ್ದಿತು, ರಕ್ತದೊತ್ತಡವಿದ್ದಿತು, ಹೃದ್ರೋಗವಿದ್ದಿತು.

ವೈದ್ಯನು ಆ ಮಾತನ್ನು ಬಳಸುವುದು ಯುಕ್ತವೇ. ಆದರೆ ಅದನ್ನು ಓದಿದ ನಾವು ಏನು ಮಾಡಿದೆವು? ನಿಟ್ಟುಸಿರು ಬಿಟ್ಟು, ಹಾಗಾದರೆ ಸರಿ, ಅವರಿಗೆ ಮೊದಲೇ ಜಡ್ಡಿದ್ದಿತು, ಎಂದು ಪತ್ರಿಕೆಯನ್ನು ಮಡಿಸಿ ಇಟ್ಟೆವು. ಜಡ್ಡಿಲ್ಲದ ನಮಗೆ ಅದು ಒಂದು ಸಮಾಧಾನವಾಯಿತು. ಸತ್ತವರ ಮಟ್ಟಿಗೆ ಅದೊಂದು ತೀರ್ಪಾಯಿತು. ಹಳೆಯ ರೋಗವಿದ್ದವನು ಹೊಸ ರೋಗದಲ್ಲಿ ಸಾಯುವುದು ಸಹಜವೆಂಬ ಈ ಭಾವನೆಯು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ನೋಡೋಣ.

ತಗಲುವುದು ಬೇರೆ, ಕೆಡಹುವುದು ಬೇರೆ

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ವೈರಾಣುವು ಒಬ್ಬನಿಗೆ ತಗಲುವುದು ಒಂದು ಸಂಗತಿ. ತಗುಲಿದ ಮೇಲೆ ಅವನನ್ನು ಕೆಡಹುವುದು ಮತ್ತೊಂದು. ಇವೆರಡನ್ನೂ ಬೆರೆಸಿ ಮಾತಾಡುವುದರಿಂದ ಜನರಲ್ಲಿ ಅನಾವಶ್ಯಕವಾದ ಅಂಜಿಕೆಯೂ ಅಷ್ಟೇ ಅನಾವಶ್ಯಕವಾದ ಉದಾಸೀನತೆಯೂ ಹುಟ್ಟಿವೆ.

ಇಂಗ್ಲೆಂಡಿನಲ್ಲಿ ನಡೆದ ಒಂದು ಪರಿಶೋಧನೆಯು ಈ ಭೇದವನ್ನು ಬಹು ಸರಳವಾಗಿ ತೋರಿಸಿಕೊಟ್ಟಿದೆ. ೨೦೦೨ರಲ್ಲಿ ಪ್ರಕಟವಾದ ಅದರಲ್ಲಿ ವೈದ್ಯರು ೭೬ ಜೋಡಿಗಳನ್ನು ಆಯ್ದುಕೊಂಡರು. ಒಂದೇ ಮನೆಯಲ್ಲಿ ವಾಸಿಸುವ ಪ್ರತಿಯೊಂದು ಜೋಡಿಯಲ್ಲಿಯೂ ಒಬ್ಬರಿಗೆ ದಮ್ಮು ಇದ್ದಿತು, ಇನ್ನೊಬ್ಬರಿಗೆ ಇರಲಿಲ್ಲ. ನೆಗಡಿಯನ್ನುಂಟುಮಾಡುವ ರೈನೋವೈರಾಣುವು ಇವರಿಬ್ಬರಲ್ಲಿ ಯಾರಿಗೆ ಹೆಚ್ಚು ಸಾರಿ ತಗಲುವುದೆಂದು ಅವರು ನೋಡುತ್ತ ಹೋದರು. ದಮ್ಮಿನವರಿಗೆ ಹೆಚ್ಚು ಸಾರಿ ತಗುಲೀತೆಂದು ಯಾರಾದರೂ ಊಹಿಸಬಹುದು. ಕಂಡುಬಂದದ್ದು ಹಾಗಲ್ಲ. ತಗುಲಿದ ಸಾರಿಗಳಲ್ಲಿ ಹೇಳತಕ್ಕ ವ್ಯತ್ಯಾಸವಿರಲಿಲ್ಲ. ಆದರೆ ಒಬ್ಬರಿಗೆ ಮೂಗಿನಲ್ಲಿಯೇ ಮುಗಿದ ನೆಗಡಿಯು ದಮ್ಮಿನವರಲ್ಲಿ ಎದೆಗೆ ಇಳಿಯಿತು, ಕಟುವಾಯಿತು, ಹೆಚ್ಚು ದಿನ ನಿಂತಿತು. ವೈರಾಣುವು ಇಬ್ಬರ ಬಾಗಿಲನ್ನೂ ಸಮನಾಗಿಯೇ ತಟ್ಟಿತು. ಒಳಗೆ ನುಗ್ಗಿದ ಮೇಲೆ ಶಿಥಿಲವಾದ ಮನೆಯಲ್ಲಿ ಹೆಚ್ಚು ಹಾನಿ ಮಾಡಿತು.

ಮಧುಮೇಹಕ್ಕೂ ರಕ್ತದೊತ್ತಡಕ್ಕೂ ಹೃದ್ರೋಗಕ್ಕೂ ಬಹುಮಟ್ಟಿಗೆ ಇದೇ ಮಾತು ಅನ್ವಯಿಸುವುದು. ಡೆಂಗೀ ಸೊಳ್ಳೆಯು ಕಚ್ಚುವ ಮುನ್ನ ಯಾರ ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ಪರೀಕ್ಷಿಸುವುದಿಲ್ಲ. ಬಸ್ಸಿನಲ್ಲಿ ಪಕ್ಕದವನು ಕೆಮ್ಮಿದಾಗ ಅದರ ತುಂತುರು ಬಿ.ಪಿ.ಯವನನ್ನು ಹುಡುಕಿಕೊಂಡು ಬರುವುದಿಲ್ಲ. ಆದರೆ ೨೦೦೫–೦೬ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಚಿಕುನ್‌ಗುನ್ಯಾ ಹಬ್ಬಿದಾಗ, ಕೀಲುನೋವಿನಲ್ಲಿಯೇ ಮುಗಿಯಬೇಕಾದ ಆ ಜ್ವರವು ಯಾರಲ್ಲಿ ಪ್ರಾಣಾಂತಿಕ ರೂಪವನ್ನು ತಾಳಿತೆಂದು ವೈದ್ಯರು ವಿಚಾರಿಸಿ ನೋಡಲಾಗಿ, ಹೃದಯ, ಶ್ವಾಸಕೋಶ, ರಕ್ತದೊತ್ತಡಗಳ ಹಳೆಯ ರೋಗವಿದ್ದವರೇ ಅವರಲ್ಲಿ ಅಧಿಕವಾಗಿ ಕಂಡುಬಂದರು.

ಬಾಗಿಲನ್ನು ತೆರೆದಿಡುವ ಜಡ್ಡುಗಳು

ಹಾಗೆಂದು ಹಳೆಯ ಜಡ್ಡು ಎಂದೂ ಬಾಗಿಲನ್ನು ತೆರೆಯುವುದೇ ಇಲ್ಲವೆನ್ನಲಾಗದು. ತೆರೆಯುವ ಸಂದರ್ಭಗಳು ಉಂಟು. ಅವುಗಳಲ್ಲಿ ಹಲವು ನಮ್ಮ ಕೈಯೊಳಗಿನವೇ ಆಗಿವೆ.

ಮೊದಲನೆಯದು ಹೊಗೆ ಮತ್ತು ಧೂಳು. ಇಂಗ್ಲೆಂಡಿನ ಸ್ಯಾಲಿಸ್‌ಬರಿಯಲ್ಲಿ ನೆಗಡಿಯ ಸಂಶೋಧನೆಗೆಂದೇ ೧೯೪೬ರಲ್ಲಿ ಸ್ಥಾಪಿತವಾದ ಕೇಂದ್ರವೊಂದು ಇದ್ದಿತು. ಅಲ್ಲಿ ಸ್ವಂತ ಇಚ್ಛೆಯಿಂದ ಬಂದ ಆರೋಗ್ಯವಂತರ ಮೂಗಿನಲ್ಲಿ ವೈರಾಣುವಿನ ಹನಿಗಳನ್ನು ಹಾಕಿ ಪರೀಕ್ಷಿಸುತ್ತಿದ್ದರು. ಎಲ್ಲರಿಗೂ ಒಂದೇ ಬಗೆಯ ಹನಿ. ಆದರೂ ಧೂಮಪಾನ ಮಾಡುವವರಿಗೆ ಮಾಡದವರಿಗಿಂತ ಸೋಂಕು ಹೆಚ್ಚಾಗಿ ಹತ್ತಿತು, ಹತ್ತಿದ ಮೇಲೆ ಜಡ್ಡಾಗಿ ಪರಿಣಮಿಸುವುದೂ ಹೆಚ್ಚಾಗಿದ್ದಿತು. ಈ ಫಲಿತಾಂಶವು ೧೯೯೩ರಲ್ಲಿ ಪ್ರಕಟವಾಯಿತು. ನಮ್ಮ ಶ್ವಾಸನಾಳದ ಒಳಮೈಯಲ್ಲಿ ಸೂಕ್ಷ್ಮವಾದ ರೋಮಗಳಿದ್ದು, ಒಳಬಂದ ಧೂಳನ್ನೂ ಕ್ರಿಮಿಯನ್ನೂ ಕಫದೊಡನೆ ಹೊರಕ್ಕೆ ಗುಡಿಸುತ್ತಲೇ ಇರುವುವು. ಹೊಗೆಯು ಆ ಕಸಬರಿಗೆಯನ್ನೇ ಸುಟ್ಟುಬಿಡುವುದು. ರಾಯಚೂರು ಸೀಮೆಯಲ್ಲಿ ಬೀಡಿಯೊಂದೇ ಹೊಗೆಯಲ್ಲವೆಂಬುದನ್ನು ವಾಚಕರು ಬಲ್ಲರು. ಗಾಳಿಯಾಡದ ಅಡಿಗೆಯ ಮನೆಯಲ್ಲಿ ಹತ್ತಿಕಟ್ಟಿಗೆಯ ಒಲೆಯ ಮುಂದೆ ಮೂವತ್ತು ವರ್ಷ ರೊಟ್ಟಿ ಬಡಿದ ತಾಯಂದಿರು ಒಂದು ಬೀಡಿಯನ್ನೂ ಮುಟ್ಟದೆಯೇ ಬೀಡಿ ಸೇದಿದವರ ಎದೆಯನ್ನು ಪಡೆದುಕೊಂಡಿರುವರು. ಅಕ್ಕಿಯ ಗಿರಣಿಯಲ್ಲಿ, ಹತ್ತಿ ಹಿಂಜುವ ಗಿರಣಿಯಲ್ಲಿ, ಕಲ್ಲಿನ ಗಣಿಯಲ್ಲಿ ದುಡಿಯುವವರ ಶ್ವಾಸಕ್ಕೂ ಧೂಳಿನ ಕರವು ತಪ್ಪಿದ್ದಲ್ಲ.

ಎರಡನೆಯದು ಸೂಜಿ. ಮೂತ್ರಪಿಂಡವು ಕೆಟ್ಟು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು ತಗಲುವ ಅಪಾಯವು ಬೇರೆಯವರಿಗಿಂತ ಹೆಚ್ಚು. ಏಕೆಂದರೆ ಅವರ ರಕ್ತವು ಪದೇ ಪದೇ ಶರೀರದ ಹೊರಗೆ ಹೋಗಿ ಬರುವುದು. ಮಧುಮೇಹಿಗಳ ಬೆರಳಿಗೆ ಚುಚ್ಚುವ ಸೂಜಿಯನ್ನೂ ಸಕ್ಕರೆ ಅಳೆಯುವ ಯಂತ್ರವನ್ನೂ ಹಲವರಿಗೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹರಡಿದ ಪ್ರಸಂಗಗಳು ಅಮೇರಿಕದಂಥ ಶ್ರೀಮಂತ ದೇಶದಲ್ಲಿಯೇ ನಡೆದವು. ಆದುದರಿಂದಲೇ ೨೦೧೧ರಲ್ಲಿ ಅಲ್ಲಿಯ ತಜ್ಞರ ಮಂಡಲಿಯು ಅರುವತ್ತು ವರ್ಷದೊಳಗಿನ ಮಧುಮೇಹಿಗಳೆಲ್ಲರೂ ಆ ಲಸಿಕೆಯನ್ನು ಹಾಕಿಸಿಕೊಳ್ಳತಕ್ಕದ್ದೆಂದು ಸಲಹೆಮಾಡಿತು. ಜಾತ್ರೆಯಲ್ಲಿಯೂ ಸಭೆಯ ಅಂಗಳದಲ್ಲಿಯೂ ಉಚಿತ ಸಕ್ಕರೆ ತಪಾಸಣೆಯ ಶಿಬಿರಗಳನ್ನು ಏರ್ಪಡಿಸುವ ನಮ್ಮ ಉದಾರಿಗಳು ಈ ಮಾತನ್ನು ನೆನಪಿನಲ್ಲಿಡಬೇಕು. ಒಬ್ಬನಿಗೆ ಒಂದು ಸೂಜಿ. ಚುಚ್ಚಿದ ಮೇಲೆ ಅದು ಕಸಕ್ಕೆ. ಇದರಲ್ಲಿ ಮಿತವ್ಯಯವು ಸಲ್ಲದು.

ಮೂರನೆಯದು ಶರೀರದ ಕಾವಲನ್ನೇ ಕುಗ್ಗಿಸುವ ಸ್ಥಿತಿಗಳು. ಅರ್ಬುದದ ಚಿಕಿತ್ಸೆ, ಬಹುಕಾಲ ನುಂಗಿದ ಸ್ಟೀರಾಯ್ಡ್ ಗುಳಿಗೆಗಳು, ಔಷಧವಿಲ್ಲದೆ ಬಿಟ್ಟ ಎಚ್.ಐ.ವಿ. ಸೋಂಕು, ಇವುಗಳಲ್ಲಿ ವೈರಾಣುವು ಸುಲಭವಾಗಿ ನುಗ್ಗುವುದು, ನುಗ್ಗಿದರೆ ಬಹುಕಾಲ ನಿಲ್ಲುವುದು. ಎಚ್.ಐ.ವಿ.ಯವರು ಕೂಡ ನಿಯಮವಾಗಿ ಗುಳಿಗೆಯನ್ನು ತೆಗೆದುಕೊಂಡರೆ ಕಾವಲು ಬಹುಮಟ್ಟಿಗೆ ಮರಳಿ ಬರುವುದೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಹಳೆಯದು, ಹಸಿವು. ೧೯೧೮ರಲ್ಲಿ ಇನ್‌ಫ್ಲುಯೆಂಜಾ ಮಹಾಮಾರಿಯು ಭಾರತದಲ್ಲಿ ಒಂದು ಕೋಟಿಗೂ ಮಿಗಿಲಾದ ಜನರನ್ನು ಬಲಿತೆಗೆದುಕೊಂಡಿತು. ಆ ವರ್ಷವೇ ಮಳೆಯೂ ಕೈಕೊಟ್ಟಿತ್ತು; ಕಾಳಿನ ಬೆಲೆ ಏರಿತ್ತು; ಅರೆಹೊಟ್ಟೆಯ ಜನರ ಮೇಲೆ ಜ್ವರವು ಬಂದು ಬಿದ್ದಿತು. ಹಸಿವನ್ನು ಯಾವ ಪ್ರಕಟನೆಯೂ ಸಹವ್ಯಾಧಿಯೆಂದು ಬರೆಯುವುದಿಲ್ಲ. ಆದರೂ ಅದೇ ಎಲ್ಲ ಸಹವ್ಯಾಧಿಗಳ ಹಿರಿಯಣ್ಣ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ ೩೫ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದೂ, ಹೆಂಗಸರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ರಕ್ತಹೀನತೆಯವರೆಂದೂ ಕಂಡುಬಂದಿದೆ. ಕೃಶವಾದ ಕೂಸಿಗೆ ದಡಾರ ಬಂದರೆ ಅದು ಕಣ್ಣನ್ನೂ ಪ್ರಾಣವನ್ನೂ ಕೇಳುವುದು. ಅದಕ್ಕಾಗಿಯೇ ದಡಾರವಾದ ಮಕ್ಕಳಿಗೆಲ್ಲ ಎ ಜೀವಸತ್ವವನ್ನು ಕೊಡತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿರುವುದು.

ಒಳಗೆ ನಡೆಯುವುದೇನು?

ರಕ್ತದಲ್ಲಿ ಸಕ್ಕರೆಯು ಬಹುಕಾಲ ಮೇರೆಮೀರಿದ್ದರೆ ಕ್ರಿಮಿಗಳನ್ನು ಬೆನ್ನಟ್ಟಿ ನುಂಗುವ ಬಿಳಿಯ ಕಣಗಳು ಜಡವಾಗುವುವು. ವೈರಾಣುವು ಬಂದೊಡನೆ ಜೀವಕೋಶಗಳು ಒಂದಕ್ಕೊಂದು ಕಳುಹಿಸುವ ಎಚ್ಚರಿಕೆಯು ತಡವಾಗುವುದು. ಹಾಗೆ ಮೊದಲು ತಡಮಾಡಿದ ಶರೀರವು ಆಮೇಲೆ ಅತಿಮಾಡುವುದು. ಉರಿಯೂತವು ಮಿತಿಮೀರಿ ರಕ್ತನಾಳಗಳನ್ನೂ ಶ್ವಾಸಕೋಶವನ್ನೂ ಸುಡತೊಡಗುವುದು. ಇತ್ತ ಜ್ವರವು ತಾನೇ ಸಕ್ಕರೆಯನ್ನು ಏರಿಸುವುದು. ಹೀಗೆ ಹಳೆಯ ಜಡ್ಡು ಹೊಸ ಜ್ವರವನ್ನೂ, ಹೊಸ ಜ್ವರವು ಹಳೆಯ ಜಡ್ಡನ್ನೂ ಪೋಷಿಸುವುವು. ೨೦೨೧ರ ಬೇಸಗೆಯಲ್ಲಿ ಕೋವಿಡಿನಿಂದ ಎದ್ದ ಮಧುಮೇಹಿಗಳ ಕಣ್ಣು ದವಡೆಗಳನ್ನು ತಿಂದ ಕಪ್ಪು ಶಿಲೀಂಧ್ರವನ್ನು ಯಾರು ಮರೆತಾರು? ಅದು ವೈರಾಣುವಲ್ಲ, ಆದರೆ ವೈರಾಣು, ಅಂಕೆಯಿಲ್ಲದ ಸಕ್ಕರೆ, ಸ್ಟೀರಾಯ್ಡ್ ಈ ಮೂರೂ ಕೂಡಿ ಅದಕ್ಕೆ ಬಾಗಿಲನ್ನು ತೆರೆದಿದ್ದವು.

ಹೃದಯದ ಮಾತೂ ಇಂಥದೇ. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಪರಿಶೋಧನೆಯಂತೆ, ಇನ್‌ಫ್ಲುಯೆಂಜಾ ಎಂದು ಪರೀಕ್ಷೆಯಿಂದ ಖಚಿತವಾದ ಬಳಿಕ ಮೊದಲ ಏಳು ದಿನಗಳಲ್ಲಿ ಹೃದಯಾಘಾತವಾಗುವ ಸಂಭವವು ಉಳಿದ ಕಾಲಕ್ಕಿಂತ ಆರು ಪಟ್ಟು. ಮೂರು ದಿನದ ಜ್ವರವೆಂದು ಕಡೆಗಣಿಸಿದ್ದು ಎಷ್ಟೋ ಮನೆಗಳಲ್ಲಿ ಎದೆನೋವಾಗಿ ಮುಗಿದಿರುವುದರ ಮರ್ಮವು ಇದರಿಂದ ತಿಳಿಯುವುದು.

ಸರ್ಪಸುತ್ತು ಇನ್ನೊಂದು ದೃಷ್ಟಾಂತ. ಹಳ್ಳಿಗಳಲ್ಲಿ ಅದಕ್ಕೆ ಜಾಜನ್ನು ಬರೆಯಿಸುವ ಪದ್ಧತಿಯು ಇನ್ನೂ ಉಂಟು. ಸರ್ಪಕ್ಕೂ ಅದಕ್ಕೂ ಸಂಬಂಧವಿಲ್ಲ. ಬಾಲ್ಯದಲ್ಲಿ ನೀರುಸಿಡುಬನ್ನುಂಟುಮಾಡಿದ ವೈರಾಣುವೇ ನರದ ಬೇರಿನಲ್ಲಿ ಹತ್ತಾರು ವರ್ಷ ನಿದ್ರಿಸಿ, ವಯಸ್ಸೋ ಮಧುಮೇಹವೋ ಕಾವಲನ್ನು ಸಡಿಲಿಸಿದಾಗ ಏಳುವುದು. ಇಲ್ಲಿ ಹೊರಗಿನಿಂದ ಯಾವ ಶತ್ರುವೂ ಬರಲಿಲ್ಲ; ಒಳಗೆ ಸೆರೆಯಲ್ಲಿದ್ದವನು ಕಾವಲುಗಾರನು ತೂಕಡಿಸಿದ್ದನ್ನು ಕಂಡು ಹೊರಬಿದ್ದನು.

ಜಡ್ಡು ಅಪರಾಧಿಯಲ್ಲ, ಅಂಕೆಯಿಲ್ಲದ ಜಡ್ಡು ಅಪರಾಧಿ

ಈಗ ಲೇಖನದ ಮುಖ್ಯ ಮಾತಿಗೆ ಬರುವೆವು. ಮಧುಮೇಹವಿದ್ದವರೆಲ್ಲರಿಗೂ ಅಪಾಯವು ಒಂದೇ ಸಮನೆ? ಇಂಗ್ಲೆಂಡಿನಲ್ಲಿ ಒಂದು ಕೋಟಿ ಎಪ್ಪತ್ತು ಲಕ್ಷ ವಯಸ್ಕರ ವೈದ್ಯಕೀಯ ದಾಖಲೆಗಳನ್ನು ಶೋಧಿಸಿ ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಉತ್ತರವನ್ನು ಕೊಟ್ಟಿದೆ. ವಯಸ್ಸು ಮುಂತಾದ ಇತರ ಕಾರಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆ, ಸಕ್ಕರೆಯನ್ನು ಅಂಕೆಯಲ್ಲಿಟ್ಟುಕೊಂಡ ಮಧುಮೇಹಿಗಳು ಕೋವಿಡಿನಿಂದ ಸಾಯುವ ಅಪಾಯವು ಮಧುಮೇಹವಿಲ್ಲದವರಿಗಿಂತ ಸುಮಾರು ೧.೩ ಪಟ್ಟು, ಅಂಕೆಯಿಲ್ಲದವರದು ಸುಮಾರು ೧.೯೫ ಪಟ್ಟು. ಇದನ್ನು ಗುಮಾಸ್ತನ ಭಾಷೆಯಲ್ಲಿ ಹೇಳುವುದಾದರೆ, ಎಲ್ಲರಿಗೂ ನೂರು ರೂಪಾಯಿ ಬಾಕಿ ಇರುವಲ್ಲಿ ಗುಳಿಗೆಯನ್ನು ನಿಯಮವಾಗಿ ನುಂಗಿ ಸಕ್ಕರೆಯನ್ನು ಅಂಕೆಯಲ್ಲಿಟ್ಟವನ ಬಾಕಿ ನೂರ ಮೂವತ್ತು. ಅಂಕೆ ತಪ್ಪಿದವನ ಬಾಕಿ ನೂರ ತೊಂಬತ್ತೈದು. ಇಬ್ಬರ ಹೆಸರಿನ ಮುಂದೆಯೂ ಸರಕಾರಿ ಪ್ರಕಟನೆಯು ಬರೆಯುವುದು ಒಂದೇ ಶಬ್ದ: ಸಹವ್ಯಾಧಿ! ಇಬ್ಬರ ನಡುವಣ ಅಂತರದಲ್ಲಿಯೇ ನಮ್ಮೆಲ್ಲರ ಕರ್ತವ್ಯವು ಅಡಗಿದೆ.

ಇನ್ನು ಆ ಅಂಕೆಯು ತಪ್ಪುವುದು ಯಾರ ದೋಷದಿಂದ? ಮಲ್ಲಟದ ಒಬ್ಬ ರೈತನನ್ನು ಊಹಿಸಿಕೊಳ್ಳೋಣ. ವಯಸ್ಸು ಐವತ್ತೈದು, ನಾಲ್ಕು ಎಕರೆ ಹೊಲ, ಎಂಟು ವರ್ಷದ ಮಧುಮೇಹ. ಗುಳಿಗೆಯು ಸರಕಾರಿ ದವಾಖಾನೆಯಲ್ಲಿ ಪುಕ್ಕಟೆಯಾಗಿ ದೊರೆಯುವುದೆಂದು ಅವನು ಬಲ್ಲ. ಹತ್ತು ದಿನಕ್ಕಾಗುವಷ್ಟು ಗುಳಿಗೆಯನ್ನು ಕೊಟ್ಟು, ಮುಗಿದ ಮೇಲೆ ಮತ್ತೆ ಬಾ ಎಂದರೆ ಅವನು ತಿಂಗಳಿಗೆ ಮೂರು ಸಲ ಬಸ್ಸಿನ ಚಾರ್ಜನ್ನೂ ಮೂರು ದಿನದ ಕೂಲಿಯನ್ನೂ ಕಳೆದುಕೊಳ್ಳಬೇಕು. ಬತ್ತದ ನಾಟಿಯ ಹೊತ್ತಿಗೆ, ಹತ್ತಿ ಬಿಡಿಸುವ ಹೊತ್ತಿಗೆ, ಅವನು ಹೋಗಲಾರ. ಗುಳಿಗೆ ತಪ್ಪುವುದು. ಮೈಯಲ್ಲಿ ಏನೂ ತೊಂದರೆ ಕಾಣಿಸದು; ಆದುದರಿಂದ ಗುಳಿಗೆ ಬೇಕಿಲ್ಲವೆಂದೇ ಅವನು ತಿಳಿಯುವನು. ಇಂಥ ಸ್ಥಿತಿಯಲ್ಲಿ ಜ್ವರವು ಊರಿಗೆ ಬರುವುದು. ೨೦೨೦ರ ಮಾರ್ಚ್ ೨೫ರಿಂದ ದೇಶದ ಬಾಗಿಲುಗಳೆಲ್ಲ ಮುಚ್ಚಿ ಬಸ್ಸುಗಳೇ ನಿಂತಾಗ ಇಂಥವರ ಪಾಡು ಏನಾಗಿರಬೇಕೆಂಬುದನ್ನು ವಿವರಿಸಬೇಕಾದುದಿಲ್ಲ. ಹೊಸ ರೋಗವನ್ನು ತಡೆಯಲು ಹಾಕಿದ ಬೀಗವು ಹಳೆಯ ರೋಗದ ಔಷಧಿಗೂ ಬಿದ್ದಿತು.

ಇಲ್ಲಿ ರೋಗಿಯನ್ನು ಅಜ್ಞಾನಿಯೆಂದು ಬಯ್ಯುವುದು ಸುಲಭ. ಆದರೆ ತನಗೆ ರೋಗವಿದೆಯೆಂಬುದೇ ತಿಳಿಯದವನನ್ನು ಏನೆಂದು ಬಯ್ಯೋಣ? ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿದೆ. ವಯಸ್ಕರಲ್ಲಿ ಶೇಕಡಾ ೩೫ಕ್ಕೂ ಹೆಚ್ಚು ಮಂದಿಗೆ ರಕ್ತದೊತ್ತಡವೆಂದು ಹೇಳಿದೆ. ಮಧುಮೇಹಿಗಳಲ್ಲಿ ಸರಿಸುಮಾರು ಅರ್ಧದಷ್ಟು ಜನರಿಗೆ ಆ ಸಂಗತಿಯೇ ಗೊತ್ತಿರುವುದಿಲ್ಲವೆಂಬುದು ಹಲವು ಸಮೀಕ್ಷೆಗಳ ಸಾರ. ೨೦೨೧ರ ಮಾರ್ಚ್ ೧ರಂದು ಕೋವಿಡ್ ಲಸಿಕೆಯನ್ನು ಜನಸಾಮಾನ್ಯರಿಗೆ ಕೊಡತೊಡಗಿದಾಗ ಅರುವತ್ತು ವರ್ಷ ದಾಟಿದವರಿಗೂ, ನಲವತ್ತೈದು ದಾಟಿದವರಲ್ಲಿ ಗೊತ್ತುಪಡಿಸಿದ ಸಹವ್ಯಾಧಿಯುಳ್ಳವರಿಗೂ ಮೊದಲ ಸರದಿಯಿದ್ದಿತು. ಸಹವ್ಯಾಧಿಯುಂಟೆಂದು ವೈದ್ಯರ ಪ್ರಮಾಣಪತ್ರವನ್ನು ತರಬೇಕಾಗಿದ್ದಿತು. ನಿಯಮವು ನ್ಯಾಯವಾದುದೇ. ಆದರೆ ಎಂದೂ ರಕ್ತಪರೀಕ್ಷೆಯಾಗದ ಹಳ್ಳಿಯ ಮಧುಮೇಹಿಯು ಯಾವ ಪತ್ರವನ್ನು ತಂದಾನು? ಪಟ್ಟಣದವನ ಕೈಯಲ್ಲಿ ಕಾಗದವಿದ್ದಿತು. ಹಳ್ಳಿಯವನ ಮೈಯಲ್ಲಿ ರೋಗವಿದ್ದಿತು. ಏಪ್ರಿಲ್ ೧ರಿಂದ ನಲವತ್ತೈದು ದಾಟಿದವರೆಲ್ಲರಿಗೂ ಲಸಿಕೆಯನ್ನು ತೆರೆದದ್ದರಿಂದ ಆ ಅನ್ಯಾಯವು ಒಂದು ತಿಂಗಳಿಗೆ ಮುಗಿಯಿತೆಂಬುದು ಪುಣ್ಯ. ಆದರೆ ಅದರ ಪಾಠವು ಮರೆಯತಕ್ಕದ್ದಲ್ಲ: ಮಹಾಮಾರಿ ಬಂದ ದಿನ ಯಾರನ್ನು ಕಾಯಬೇಕೆಂಬುದು ಅದಕ್ಕೆ ಹತ್ತು ವರ್ಷ ಮೊದಲೇ ನಮ್ಮ ದಾಖಲೆಯಲ್ಲಿರಬೇಕು.

ಆಗಬೇಕಾದುದೇನು?

ಮೊದಲು ಮನೆಯವರ ಕೆಲಸ. ಹಳೆಯ ಜಡ್ಡಿದ್ದವರು ಜ್ವರ ಬಂದೊಡನೆ ಊಟ ಸೇರುವುದಿಲ್ಲವೆಂದು ತಮ್ಮಷ್ಟಕ್ಕೆ ತಾವೇ ಸಕ್ಕರೆಯ ಗುಳಿಗೆಯನ್ನೋ ಇನ್ಸುಲಿನ್ನನ್ನೋ ನಿಲ್ಲಿಸಬಾರದು. ಜ್ವರದಲ್ಲಿ ಸಕ್ಕರೆಯು ಏರುವುದುಂಟು. ಅಂದೇ ವೈದ್ಯರನ್ನು ಕೇಳಬೇಕು. ಮೂರು ದಿನ ನೋಡೋಣವೆಂಬ ರೂಢಿಯು ಆರೋಗ್ಯವಂತರಿಗೆ ಸಂದೀತು, ಇವರಿಗೆ ಸಲ್ಲದು. ಡೆಂಗೀ ಇರಬಹುದೆಂಬ ಅನುಮಾನವಿದ್ದಾಗ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ನುಂಗಬಾರದು. ರಕ್ತಸ್ರಾವಕ್ಕೆ ಅವು ಹಾದಿಮಾಡುವುವು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ಅದನ್ನು ಮುಂದುವರಿಸಬೇಕೋ ಬೇಡವೋ ಎಂಬುದನ್ನು ವೈದ್ಯರಿಂದಲೇ ತಿಳಿದುಕೊಳ್ಳಬೇಕು. ದಮ್ಮಿನವರು ಎದೆಗೆ ಎಳೆದುಕೊಳ್ಳುವ ಔಷಧಿಯನ್ನು ಚಟವಾದೀತೆಂದು ಬಿಡುವುದು ತಪ್ಪು ತಿಳಿವಳಿಕೆ. ನೆಗಡಿ ಕೆಮ್ಮು ಇದ್ದ ಎಳೆಯರು ಮುಖಕ್ಕೆ ಬಟ್ಟೆ ಕಟ್ಟದೆ ಅಜ್ಜನ ಹಾಸಿಗೆಯ ಬಳಿ ಕೂಡಬಾರದು. ಅಜ್ಜನಿಗೆ ಜಡ್ಡಿರುವುದು ಅವನ ಮೈಯಲ್ಲಿ, ಆದರೆ ವೈರಾಣುವನ್ನು ತರುವವರು ಮನೆಯ ಆರೋಗ್ಯವಂತರು.

ಎರಡನೆಯದು ಲಸಿಕೆ. ಇನ್‌ಫ್ಲುಯೆಂಜಾ ಲಸಿಕೆಯನ್ನು ದೀರ್ಘರೋಗಿಗಳಿಗೂ ವೃದ್ಧರಿಗೂ ಗರ್ಭಿಣಿಯರಿಗೂ ವರ್ಷಂಪ್ರತಿ ಹಾಕತಕ್ಕದ್ದೆಂದು ಅಮೇರಿಕದ ಆರೋಗ್ಯಾಧಿಕಾರಿಗಳು ಸಲಹೆಮಾಡಿದ್ದು ೧೯೬೦ರಲ್ಲಿ; ೧೯೫೭ರ ಮಹಾಮಾರಿಯಲ್ಲಿ ಅಂಥವರೇ ಹೆಚ್ಚಾಗಿ ಸತ್ತದ್ದನ್ನು ಕಂಡ ಮೇಲೆ. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯವು ಮುಖ್ಯವಾಗಿ ಮಕ್ಕಳಿಗೂ ಗರ್ಭಿಣಿಯರಿಗೂ ಮೀಸಲಾದುದು. ಆ ಕಾರ್ಯದಿಂದ ಪೋಲಿಯೋ ಹೋಯಿತು. ಅದರ ಕೀರ್ತಿ ದೊಡ್ಡದು. ಆದರೆ ಐವತ್ತು ದಾಟಿದ ಮಧುಮೇಹಿಯೂ ಮೂತ್ರಪಿಂಡದ ರೋಗಿಯೂ ಲಸಿಕೆ ಬೇಕೆಂದರೆ ಬಹುಮಟ್ಟಿಗೆ ತಮ್ಮ ಗಂಟಿನಿಂದಲೇ ಕೊಳ್ಳಬೇಕಾಗಿದೆ. ಉಳ್ಳವನು ಕೊಂಡಾನು, ಕೂಲಿಯವನು ಏನು ಮಾಡಿಯಾನು? ಡಯಾಲಿಸಿಸ್‌ನವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡಬೇಕಾಗುವುದು, ಏಕೆಂದರೆ ದುರ್ಬಲ ಶರೀರವು ಲಸಿಕೆಗೂ ಅರ್ಧಮನಸ್ಸಿನಿಂದಲೇ ಓಗೊಡುವುದು. ಆದುದರಿಂದ ಮೂತ್ರಪಿಂಡವು ಪೂರ್ತಿ ಕೆಡುವ ಮೊದಲೇ ಕೊಡುವುದು ಲೇಸು.

ಮೂರನೆಯದು ಸರಕಾರದ ಕೆಲಸ. ನೆರೆಯ ತಮಿಳುನಾಡು ೨೦೨೧ರ ಆಗಸ್ಟಿನಲ್ಲಿ, ಕನ್ನಡಿಗರೂ ವಾಸಿಸುವ ಗಡಿಯ ಕೃಷ್ಣಗಿರಿ ಜಿಲ್ಲೆಯಿಂದ, ದೀರ್ಘರೋಗಿಗಳ ಮನೆಯ ಬಾಗಿಲಿಗೇ ಔಷಧಿಯನ್ನೊಯ್ಯುವ ಯೋಜನೆಯನ್ನು ಆರಂಭಿಸಿತು. ನಮ್ಮ ರಾಜ್ಯವೂ ೨೦೨೪ರಲ್ಲಿ ಕೋಲಾರ ಜಿಲ್ಲೆಯಲ್ಲಿ ಗೃಹ ಆರೋಗ್ಯವೆಂಬ ಯೋಜನೆಗೆ ಕೈಹಾಕಿ, ಮನೆಮನೆಗೆ ಹೋಗಿ ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆಗಳನ್ನು ತಪಾಸಿಸುವ ಕ್ರಮವನ್ನು ಹಾಕಿಕೊಟ್ಟಿತು.

ಯೋಜನೆಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ನೋಡಬೇಕಾದುದು ಅವು ಕೊನೆಯ ಊರಿಗೆ ಮುಟ್ಟುವುವೋ ಇಲ್ಲವೋ ಎಂಬುದನ್ನು. ತುಂಗಭದ್ರೆಯ ಎಡದಂಡೆಯ ಕಾಲುವೆಯ ಕೊನೆಯಂಚಿನ ರೈತರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆಯಲ್ಲಿ ನೀರು ಬಿಟ್ಟರೆಂದು ಪತ್ರಿಕೆಯಲ್ಲಿ ಬಂದ ಮಾತ್ರಕ್ಕೆ ಕೊನೆಯ ಹೊಲವು ನೆನೆಯುವುದಿಲ್ಲ. ಹಾಗೆಯೇ ಜಿಲ್ಲೆಯ ಉಗ್ರಾಣಕ್ಕೆ ಗುಳಿಗೆಗಳು ಬಂದುವೆಂದ ಮಾತ್ರಕ್ಕೆ ಮಲ್ಲಟದ ಮುದುಕಿಯ ಸಕ್ಕರೆ ಇಳಿಯುವುದಿಲ್ಲ. ರಾಯಚೂರಿನಲ್ಲಿ ೨೦೦೭ರಿಂದ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಅದರ ಉಪಯೋಗವು ಹಳ್ಳಿಯವನಿಗೆ ಕೊನೆಯುಸಿರಿನ ಹೊತ್ತಿಗೆ ದೊರೆತರೆ ಸಾಲದು. ಒಮ್ಮೆಗೆ ಒಂದು ತಿಂಗಳಿಗೆ, ಸಾಧ್ಯವಾದರೆ ಎರಡು ತಿಂಗಳಿಗೆ ಆಗುವಷ್ಟು ಗುಳಿಗೆಯನ್ನು ಕೊಡುವುದು; ಸಂತೆಯ ದಿನ ತಪಾಸಣೆಯನ್ನಿಡುವುದು; ಪ್ರತಿಯೊಂದು ಊರಿನ ದೀರ್ಘರೋಗಿಗಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ಕೈಯಲ್ಲಿಟ್ಟು, ಜ್ವರದ ಸುದ್ದಿ ಬಂದೊಡನೆ ಮೊದಲು ಆ ಮನೆಗಳಿಗೆ ಹೋಗತಕ್ಕದ್ದೆಂದು ಆಜ್ಞೆ ಮಾಡುವುದು; ಹೊಗೆಯಿಲ್ಲದ ಅಡಿಗೆಯನ್ನು ಆರೋಗ್ಯದ ಕೆಲಸವೆಂದೇ ಎಣಿಸುವುದು; ಇವು ಬೊಕ್ಕಸವನ್ನು ಬರಿದುಮಾಡುವ ಕೆಲಸಗಳಲ್ಲ.

ವೆಚ್ಚಕ್ಕೆ ಹಣವೆಲ್ಲಿಂದ ಎಂದು ಕೇಳುವ ಅಧಿಕಾರಿಗಳು ಇದ್ದೇ ಇರುವರು. ಅವರಿಗೆ ನಮ್ಮ ವಿನಮ್ರವಾದ ಉತ್ತರವಿದು: ಮಹಾಮಾರಿಯ ನಡುವೆ ಒಬ್ಬ ರೋಗಿಯನ್ನು ಆಮ್ಲಜನಕದ ಹಾಸಿಗೆಯ ಮೇಲೆ ಒಂದು ವಾರ ಇರಿಸಲು ತಗಲುವ ವೆಚ್ಚವನ್ನೂ, ಅದೇ ರೋಗಿಗೆ ಹತ್ತು ವರ್ಷ ಸಕ್ಕರೆಯ ಸಾಧಾರಣ ಗುಳಿಗೆಯನ್ನು ಕೊಡಲು ತಗಲುವ ವೆಚ್ಚವನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡಿರಿ. ಉಳಿದದ್ದನ್ನು ಲೆಕ್ಕವೇ ಹೇಳುವುದು.

ಸ್ವತಂತ್ರ ದೇಶದ ಪ್ರಜೆಯೊಬ್ಬನು ಜ್ವರದಿಂದ ಸತ್ತಾಗ ಅವನಿಗೆ ಸಹವ್ಯಾಧಿಯಿದ್ದಿತೆಂದು ಬರೆಯುವುದು ಸತ್ಯವನ್ನು ಬರೆದಂತೆಯೇ ಸರಿ. ಆದರೆ ಅರ್ಧ ಸತ್ಯ. ಆ ವ್ಯಾಧಿಯು ಎಷ್ಟು ವರ್ಷದ್ದು, ಅದನ್ನು ಕಂಡುಹಿಡಿದವರಾರು, ಅವನಿಗೆ ಕಡೆಯ ಸಲ ಗುಳಿಗೆ ದೊರೆತದ್ದು ಯಾವಾಗ, ಎಂಬ ಮೂರು ಪ್ರಶ್ನೆಗಳನ್ನೂ ಅದರ ಪಕ್ಕದಲ್ಲಿಯೇ ಬರೆಯುವ ಪದ್ಧತಿಯು ಎಂದು ಬರುವುದೋ ಅಂದು ಆ ಸತ್ಯವು ಪೂರ್ಣವಾಗುವುದು. ಮುಂದಿನ ವೈರಾಣುವು ಯಾವುದು, ಯಾವ ವರ್ಷ ಬರುವುದು, ಎಂಬುದನ್ನು ಯಾವ ಪಂಚಾಂಗವೂ ಹೇಳಲಾರದು. ಅದು ಬಂದಾಗ ಹಿಡಿಯುವುದು ಯಾರನ್ನೆಂಬುದೂ ನಮ್ಮ ಕೈಯಲ್ಲಿ ಪೂರ್ತಿಯಾಗಿಲ್ಲ. ಆದರೆ ಹಿಡಿದವರಲ್ಲಿ ಎಷ್ಟು ಜನರನ್ನು ಅದು ಕೆಡಹುವುದೆಂಬುದು, ಜ್ವರವಿಲ್ಲದ ಈ ಶಾಂತ ದಿನಗಳಲ್ಲಿ, ಸಂತೆಯಿಂದ ಮರಳುವ ರೈತನ ಚೀಲದಲ್ಲಿ ಗುಳಿಗೆಯ ಪೊಟ್ಟಣವು ಇದೆಯೋ ಇಲ್ಲವೋ ಎಂಬುದರಿಂದಲೇ ಬಹುಮಟ್ಟಿಗೆ ನಿರ್ಧಾರವಾಗುತ್ತಿದೆ.